ಹಲ್ಲಿಲ್ಲದ ಸ್ಮುಜ್

ಜಿವಾನ್ ಪೆಯಿಚ್ ಟಿಸ ನದಿಯಲ್ಲಿ ಗಾಳ ಹಾಕಲು ಶುರುಮಾಡಿ ಇಪ್ಪತ್ತೆರಡು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಅವನು ಹಿಡಿದ ಮೀನುಗಳನ್ನೆಲ್ಲ ಒಟ್ಟು ಹಾಕಿದರೂ ಮನೆಯ ಬೆಕ್ಕು ಒಂದು ಚಳಿಗಾಲ ಕಳೆಯುವಷ್ಟಾಗುತ್ತಿರಲಿಲ್ಲ. ಸ್ತಾರಾ ಸ್ಕೆಲ ಊರಿನ ಗಾಳಗಾರರ ಸಂಘದಲ್ಲಿ ಅವನ ಸ್ಥಾನ ಬಾಗಿಲ ಪಕ್ಕದ ಬೆಂಚು. ಯಾರಾದರೂ ಹೊಸದಾಗಿ ಬಂದರೆ ಎದ್ದು ಜಾಗ ಬಿಡುವುದು, ಗಾಳಿ ಬೀಸಿದರೆ ಬಾಗಿಲು ಹಾಕುವುದು, ಇವೇ ಅವನಿಗೆ ಸಂಘದಲ್ಲಿದ್ದ ಅಧಿಕಾರಗಳು.

ಅಕ್ಟೋಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಅವನ ಗಾಳಕ್ಕೆ ಒಂದು ಮೀನು ಬಿತ್ತು. ಬಿತ್ತು ಎನ್ನುವುದಕ್ಕಿಂತ ಬಂದು ಕೂತಿತು ಎನ್ನಬೇಕು. ಎಳೆಯಲಿಲ್ಲ, ಒದ್ದಾಡಲಿಲ್ಲ, ವಯಸ್ಸಾದವರು ಬಸ್ಸು ಹತ್ತುವಂತೆ ನಿಧಾನವಾಗಿ ದಡ ಹತ್ತಿತು. ಉದ್ದ ಮೈ, ಬೆನ್ನ ಮೇಲೆ ಮುಳ್ಳು, ಪಕ್ಕದಲ್ಲಿ ಕಪ್ಪು ಪಟ್ಟೆ, ಗಾಜಿನಂಥ ಕಣ್ಣು. ಸ್ಮುಜ್ ಜಾತಿಯ ಮೀನು. ಹುಲ್ಲಿನ ಮೇಲೆ ಬಂದು ನಾಲ್ಕು ನಿಮಿಷಕ್ಕೆಲ್ಲ ತಣ್ಣಗಾಯಿತು. ಮೂರು ಕಿಲೋ ತೂಗುವ ಸ್ಮುಜ್ ಟಿಸದಲ್ಲಿ ದೊಡ್ಡ ಸುದ್ದಿಯೇನಲ್ಲ. ಆದರೆ ಜಿವಾನ್‌ನ ಮಟ್ಟಿಗೆ ಅದು ತಿಮಿಂಗಿಲ.

ಅಷ್ಟರಲ್ಲಿ ಹಿಂದಿನಿಂದ ಗೋಯ್ಕೊ ಮೇಷ್ಟ್ರ ದನಿ ಕೇಳಿಸಿತು. ಗೋಯ್ಕೊ ಭೂಗೋಳದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಸರ್ಕಾರ ಅವರನ್ನು ಶಾಲೆಯಿಂದ ಬಿಡಿಸಿತ್ತೇ ಹೊರತು ಪಾಠದಿಂದ ಬಿಡಿಸಲು ಅದಕ್ಕೂ ಆಗಿರಲಿಲ್ಲ.

"ಏನಯ್ಯ ಅದು, ಸ್ಮುಜ್ ತಾನೆ? ಇದಕ್ಕಿಂತ ದೊಡ್ಡದನ್ನ ನಾನು ಮೊನ್ನೆ ನೀರಿಗೆ ವಾಪಸ್ ಬಿಟ್ಟೆ."

ಇಪ್ಪತ್ತೆರಡು ವರ್ಷ ಬಾಗಿಲ ಪಕ್ಕ ಕೂತ ಮನುಷ್ಯನಿಗೆ ಆ ಕ್ಷಣದಲ್ಲಿ ಏನಾಯಿತೋ ದೇವರೇ ಬಲ್ಲ.

"ಸ್ಮುಜ್ ಅಲ್ಲ ಮೇಷ್ಟ್ರೇ. ಕಾಮೆನ್ಯಾರ್," ಎಂದುಬಿಟ್ಟ.

ಗೋಯ್ಕೊ ಕೈಲಿದ್ದ ಬಕೆಟ್ಟನ್ನು ಕೆಳಗಿಟ್ಟರು. ಅವರು ಬಕೆಟ್ ಕೆಳಗಿಟ್ಟರೆಂದರೆ ಪಾಠ ಇದೆ ಎಂದರ್ಥ. ದಂಡೆಯ ಮೇಲಿದ್ದ ಏಳೆಂಟು ಜನ ಹತ್ತಿರ ಬಂದರು.

"ಎಲ್ರೂ ಕೇಳಿಸ್ಕೊಳ್ಳಿ. ಸ್ಮುಜ್‌ಗೂ ಕಾಮೆನ್ಯಾರ್‌ಗೂ ಅಣ್ಣತಮ್ಮಂದಿರ ಹೋಲಿಕೆ. ದೂರದಿಂದ ನೋಡಿದ್ರೆ ಹೆತ್ತ ತಾಯಿಗೂ ಗೊತ್ತಾಗಲ್ಲ. ಆದ್ರೆ ಸ್ಮುಜ್ ಹತ್ತು ಕಿಲೋ ತನಕ ಬೆಳೆಯತ್ತೆ. ಕಾಮೆನ್ಯಾರ್ ಒಂದೂವರೆ ಕಿಲೋ ಆದ್ರೆ ಅದರ ಪುಣ್ಯ. ಇದು ಕಾಮೆನ್ಯಾರ್ ಆಗಿದ್ರೆ, ಈ ದೇಶದಲ್ಲೇ ಇಂಥದ್ದು ಹುಟ್ಟಿಲ್ಲ."

"ಹುಟ್ಟಿದೆ ಅಂತ ಕಾಣತ್ತೆ," ಎಂದ ಜಿವಾನ್. ಇದು ಎರಡನೆಯ ತಪ್ಪು.

"ಮುಖ್ಯವಾದ್ದು ಇನ್ನೊಂದಿದೆ. ಸ್ಮುಜ್‌ಗೆ ಬಾಯಿ ಮುಂದೆ ಕೋರೆಹಲ್ಲಿರತ್ತೆ, ನಾಯಿಗಿದ್ದ ಹಾಗೆ. ಕಾಮೆನ್ಯಾರ್‌ಗೆ ಇರಲ್ಲ. ಈಗ ನಾನು ಈ ಮೀನಿನ ಬಾಯಿ ತೆಗೀತೀನಿ. ಜಿವಾನ್, ನೀನು ಹತ್ರ ಬಾ. ಈ ಕೋರೆ ನೋಡಿ ನೀನು ಜನ್ಮದಲ್ಲಿ ಮರೀಬಾರದು."

ಗೋಯ್ಕೊ ಮೀನಿನ ಬಾಯಿ ತೆಗೆದರು. ಬೆರಳು ಹಾಕಿದರು. ಬಲಕ್ಕೆ ಸವರಿದರು, ಎಡಕ್ಕೆ ಸವರಿದರು. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಮೀನಿನ ಬಾಯಿ ಹಸುಗೂಸಿನ ಬಾಯಿಯ ಹಾಗೆ ಬೋಳಾಗಿತ್ತು.

"ಇಲ್ಲ," ಎಂದರು ಮೇಷ್ಟ್ರು. ನಲವತ್ತು ವರ್ಷದ ಸೇವೆಯಲ್ಲಿ ಅವರು ಇಷ್ಟು ಚಿಕ್ಕ ಪಾಠ ಮಾಡಿರಲಿಲ್ಲ.

ಅರ್ಧ ಗಂಟೆಯೊಳಗೆ ಮೀನು ಸಂಘದ ಅಧ್ಯಕ್ಷ ಉರೋಶ್‌ನ ಮಾಂಸದಂಗಡಿಯ ತಕ್ಕಡಿಯ ಮೇಲಿತ್ತು. ಮೂರು ಕಿಲೋ ನೂರ ನಲವತ್ತು ಗ್ರಾಂ. ಉರೋಶ್ ಭಾಷಣಪ್ರಿಯ. ಸಾಸೇಜ್ ಕತ್ತರಿಸುವಾಗಲೂ ಅವನ ಬಾಯಿಂದ "ಮಾನ್ಯರೇ" ಎಂದೇ ಬರುತ್ತಿತ್ತು. ದೇಶದ ಅತಿ ದೊಡ್ಡ ಕಾಮೆನ್ಯಾರ್ ತನ್ನ ಆಡಳಿತದಲ್ಲಿ ಸಿಕ್ಕಿತೆಂದು ತಿಳಿದ ಕೂಡಲೇ ಅವನು ಪತ್ರಿಕೆಗೆ ಫೋನ್ ಮಾಡಿದ, ಮುಂದಿನ ಶನಿವಾರಕ್ಕೆ ಸನ್ಮಾನ ಗೊತ್ತುಮಾಡಿದ, ಆರು ಮೀಟರ್ ಉದ್ದದ ಬ್ಯಾನರ್ ಬರೆಸಲು ಕೊಟ್ಟ. ಕಂಚಿನ ಹಲಗೆ ಹಾಕಿಸಲು ನದೀ ತೀರದಲ್ಲಿ ಜಾಗವನ್ನೂ ನೋಡಿಬಂದ.

ನಿಜ ಹೇಳಿಬಿಡಬೇಕೆಂದು ಜಿವಾನ್ ಅಂದೇ ನಿರ್ಧರಿಸಿದ್ದ. ಭಾನುವಾರ ಮತ್ತೆ ನಿರ್ಧರಿಸಿದ. ಸೋಮವಾರವೂ ನಿರ್ಧರಿಸಿದ. ನಿರ್ಧಾರವೇನೋ ಗಟ್ಟಿಯಾಗಿಯೇ ಇತ್ತು, ದಿನ ಮಾತ್ರ ಬದಲಾಗುತ್ತಿತ್ತು. ಅವನು ಬಾಯಿ ತೆರೆದಾಗಲೆಲ್ಲ ಯಾರೋ ಒಬ್ಬರು ಅದಕ್ಕೆ ಒಂದು ಲೋಟ ರಾಕಿಯ ಬ್ರಾಂದಿ ಸುರಿದು ಅಭಿನಂದಿಸುತ್ತಿದ್ದರು.

ಮನೆಯಲ್ಲಿ ಮೀನಿಗೆ ಫ್ರೀಜರ್‌ನಲ್ಲಿ ಜಾಗ ಮಾಡಿಕೊಡಲಾಯಿತು. ಚಳಿಗಾಲಕ್ಕೆಂದು ಹೆಂಡತಿ ದೆಸಾಂಕ ಇಟ್ಟಿದ್ದ ಬಟಾಣಿ, ಸುಟ್ಟು ಸುಲಿದ ಕೆಂಪು ದೊಣ್ಣೆಮೆಣಸು ಎಲ್ಲ ಹೊರಗೆ ಬಂದವು.

"ಒಂದು ಮೀನಿಗೋಸ್ಕರ ಹನ್ನೆರಡು ಕಿಲೋ ಮೆಣಸು ಹಾಳು," ಎಂದಳು ದೆಸಾಂಕ. "ಇದನ್ನ ಕಾಮೆನ್ಯಾರ್ ಅಂತ ಯಾರು ಹೇಳಿದ್ದು?"

"ನಾನೇ."

"ನಿನಗೆ ಹೇಗೆ ಗೊತ್ತು?"

"ಗೊತ್ತಿಲ್ಲ. ಹೇಳಿದ ಮೇಲೆ ಆಯ್ತು."

ಒಲೆಯ ಪಕ್ಕ ಕೂತಿದ್ದ ಅತ್ತೆ, ಎಂಬತ್ತನಾಲ್ಕು ವರ್ಷದ ಯೂಲ್ಕಜ್ಜಿ, ಈ ಚರ್ಚೆಯಲ್ಲಿ ಯಾವ ಅರ್ಥವನ್ನೂ ಕಾಣಲಿಲ್ಲ. "ಯಾವ ಜಾತಿಯಾದ್ರೇನು ಅಳಿಯ, ಸಾರಿಗೆ ಬಿದ್ರೆ ಎಲ್ಲಾ ಒಂದೇ ಜಾತಿ. ಕೊಡು ಇಲ್ಲಿ, ಈರುಳ್ಳಿ ಹೆಚ್ಚಿಟ್ಟಿದೀನಿ."

ಇಲ್ಲಿಯತನಕ ನಾವು ಜಿವಾನ್‌ನ ಕಸುಬು ಏನೆಂದು ಹೇಳಿಲ್ಲ. ಊರಿಗೂ ಅದು ಮಂಗಳವಾರದವರೆಗೆ ನೆನಪಾಗಿರಲಿಲ್ಲ. ಮಂಗಳವಾರ ಬೆಳಿಗ್ಗೆ ನೇದೆಲ್ಕಳ ಬೇಕರಿಯ ಮುಂದೆ ಬುರೆಕ್ ಎಂಬ ಪದರ ರೊಟ್ಟಿಗಾಗಿ ಜನ ಸಾಲಾಗಿ ನಿಂತಿದ್ದರು. ಅಲ್ಲಿ ಗೋಯ್ಕೊ ಮೇಷ್ಟ್ರು, ಹಲ್ಲಿಲ್ಲದೆ ಮೂರು ಕಿಲೋ ಬೆಳೆದ ಮೀನಿನ ವಿಚಾರವನ್ನು ಆ ವಾರದಲ್ಲಿ ಹದಿನೇಳನೆಯ ಸಲ ಎತ್ತಿದರು. ನೇದೆಲ್ಕ ಬುರೆಕ್ ಕತ್ತರಿಸುತ್ತ, ಯಾವ ದುರುದ್ದೇಶವೂ ಇಲ್ಲದೆ ಕೇಳಿದಳು:

"ಅಂದ ಹಾಗೆ ಮೇಷ್ಟ್ರೇ, ನಮ್ಮ ಜಿವಾನ್ ಹಲ್ಲಿನ ಕೆಲಸದವನಲ್ವೇ?"

ಆಗಲೇ ಬುರೆಕ್ ಸಿಕ್ಕವರು ಅಗಿಯುವುದನ್ನು ನಿಲ್ಲಿಸಿದರು.

ಜಿವಾನ್ ಕಟ್ಟುಹಲ್ಲು ಮಾಡುವವನು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು, ಇವನು ಅದಕ್ಕೆ ತಕ್ಕ ಹಲ್ಲುಸಾಲು ಕೂರಿಸಿ ಕೊಡುತ್ತಿದ್ದ. ಹಲ್ಲು ಕೀಳುವ ಹಕ್ಕು ಅವನಿಗಿಲ್ಲ, ಕಿತ್ತವನೂ ಅಲ್ಲ. ಆದರೆ ಬುರೆಕ್ ಸಾಲಿನಲ್ಲಿ ನಿಂತವರಿಗೆ ಇಷ್ಟು ಸೂಕ್ಷ್ಮ ಬೇಕಿರಲಿಲ್ಲ. ಹತ್ತು ಗಂಟೆಗೆ ಊರ ಮೇಲಿನ ಬೀದಿಯವರಿಗೆ, ಜಿವಾನ್ ಮೀನಿನ ಹಲ್ಲು ಕಿತ್ತಿದ್ದಾನೆಂದು ತಿಳಿಯಿತು. ಹನ್ನೊಂದಕ್ಕೆ ಕೆಳಗಿನ ಬೀದಿಯವರಿಗೆ, ಬದುಕಿದ್ದ ಮೀನಿನ ಹಲ್ಲು ಕಿತ್ತಿದ್ದಾನೆಂದು ತಿಳಿಯಿತು. ಮಧ್ಯಾಹ್ನ ಹಳ್ಳಿಗಳಿಗೆ ತಲುಪಿದಾಗ, ಮೀನಿಗೆ ಒಂದಿಷ್ಟೂ ನೋವಾಗದ ಹಾಗೆ ಕಿತ್ತಿದ್ದಾನೆಂದಾಗಿತ್ತು.

ಬುಧವಾರ ಬೆಳಿಗ್ಗೆ ಅವನ ಅಂಗಡಿಯ ಮುಂದೆ ಮೂವರು ಕೆನ್ನೆ ಊದಿಸಿಕೊಂಡು ನಿಂತಿದ್ದರು.

"ಇಲ್ಲಿ ಕೀಳಲ್ಲ. ಡಾಕ್ಟರ ಹತ್ರ ಹೋಗಿ," ಎಂದ ಜಿವಾನ್.

"ಡಾಕ್ಟರು ಕಿತ್ರೆ ನೋಯತ್ತೆ," ಎಂದ ಮೊದಲನೆಯವನು, ಟ್ರ್ಯಾಕ್ಟರ್ ಓಡಿಸುವ ಧಡಿಯ. "ಮೀನಿಗೆ ಮಾಡಿದ ಹಾಗೇ ಮಾಡು. ನಾನೂ ಬಾಯಿ ಬಿಡಲ್ಲ. ಅಂದ್ರೆ, ಕೀಳೋಕೆ ಬಿಡ್ತೀನಿ, ಊರಲ್ಲಿ ಬಿಡಲ್ಲ."

ಅವರನ್ನು ಸಾಗಹಾಕುವಷ್ಟರಲ್ಲಿ ಮಧ್ಯಾಹ್ನವಾಯಿತು. ಗುರುವಾರ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರ್ ಬಂದರು. ಹೆಸರು ತೋದೊರೊವಿಚ್. ಸಣ್ಣ ಮನುಷ್ಯ, ದೊಡ್ಡ ಚೀಲ. ನಗುವುದು ಕೆಲಸದ ಷರತ್ತಿನಲ್ಲಿ ಬರೆದಿರಲಿಲ್ಲವಾದ್ದರಿಂದ ಅವರು ನಗುತ್ತಿರಲಿಲ್ಲ.

"ನಿಮ್ಮ ಮೇಲೆ ದೂರು ಬಂದಿದೆ. ಪರವಾನಗಿ ಇಲ್ಲದೆ ಹಲ್ಲು ಕೀಳ್ತೀರಂತೆ."

"ಸಾಹೇಬ್ರೇ, ಅದು ಮೀನಿನ ವಿಷಯ."

ಇನ್ಸ್‌ಪೆಕ್ಟರ್ ಕಾಗದವನ್ನು ಮತ್ತೊಮ್ಮೆ ಓದಿದರು. "ದೂರಿನಲ್ಲಿ ರೋಗಿ ಮೀನು ಅಂತ ಬರೆದಿಲ್ಲ. 'ಬಾಯಿಯಿಂದ ಹಲ್ಲುಗಳನ್ನು ಕಿತ್ತು' ಅಂತಿದೆ. ಆಮೇಲೆ, ಬುಧವಾರ ಊದಿದ ಕೆನ್ನೆಯವರು ಮೂವರು ನಿಮ್ಮ ಅಂಗಡಿಗೆ ಬಂದು ಹೋಗಿದಾರೆ. ಅವರೂ ಮೀನೇ?"

"ಅವರನ್ನ ವಾಪಸ್ ಕಳಿಸಿದೆ. ಮೀನಿಗೆ ಮೊದಲಿಂದ ಹಲ್ಲೇ ಇರಲಿಲ್ಲ."

"ಹಾಗಂತ ಯಾರು ಹೇಳ್ತಾರೆ? ಮೀನು ಹೇಳತ್ತಾ?"

"ದೂರು ಬರೆದಿದ್ದು ಯಾರು ಸಾಹೇಬ್ರೇ?"

"ಅದನ್ನ ಹೇಳೋ ಹಾಗಿಲ್ಲ," ಎಂದು ಇನ್ಸ್‌ಪೆಕ್ಟರ್ ಕಾಗದ ಮಡಚಿದರು. ಆದರೆ ಅಕ್ಷರ ಗುಂಡಗಿತ್ತು, ಅಂಚಿನಲ್ಲಿ ಕೆಂಪು ಶಾಯಿಯ ಗೆರೆ ಎಳೆದಿತ್ತು. ಇನ್ನೊಂದು ಬದಿಯಲ್ಲಿ ಟಿಸ ನದಿಯ ನಕ್ಷೆಯೂ ಇತ್ತು, ಮೀನು ಸಿಕ್ಕ ಜಾಗಕ್ಕೆ ಗುರುತು ಹಾಕಿ. "ಶನಿವಾರ ನಿಮ್ಮ ಸನ್ಮಾನ ಇದೆಯಂತಲ್ಲ. ಅಲ್ಲಿಗೆ ಬರ್ತೀನಿ. ಅಷ್ಟರಲ್ಲಿ ಪುರಾವೆ ತೋರಿಸಿದ್ರೆ ಸರಿ. ಇಲ್ಲದಿದ್ರೆ ಅಂಗಡಿಗೆ ಬೀಗ."

ಜಿವಾನ್ ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ನಿರ್ಧಾರ ಮಾಡಿ ಅದೇ ದಿನ ಅದರಂತೆ ಎದ್ದುನಿಂತ. ಫ್ರೀಜರ್‌ನಿಂದ ಮೀನು ತೆಗೆದು, ಐಸ್ ತುಂಬಿದ ಡಬ್ಬಿಯಲ್ಲಿಟ್ಟು, ನೋವಿ ಸಾದ್ ನಗರಕ್ಕೆ ಹೋಗುವ ಬಸ್ಸಿನ ಕಡೆ ನಡೆದ. ಉರೋಶ್ ಮಾಂಸದಂಗಡಿಯಿಂದ ಏಪ್ರನ್‌ನಲ್ಲೇ ಓಡಿಬಂದ.

"ಎಲ್ಲಿಗೆ?"

"ಯೂನಿವರ್ಸಿಟಿಗೆ. ಅಲ್ಲಿ ಮೀನಿನ ವಿಷಯ ಗೊತ್ತಿರೋ ಒಬ್ಬ ಪ್ರೊಫೆಸರಮ್ಮ ಇದಾರಂತೆ. ಇದು ಕಾಮೆನ್ಯಾರಾ ಸ್ಮುಜಾ ಅಂತ ಬರೆಸ್ಕೊಂಡು ಬರ್ತೀನಿ."

"ಸ್ಮುಜ್ ಅಂತ ಬರೆದ್ರೆ?"

"ಸ್ಮುಜ್."

"ಮಾನ್ಯರೇ," ಎಂದ ಉರೋಶ್. ಎದುರಿಗಿದ್ದದ್ದು ಒಬ್ಬನೇ ಆದರೂ ಅವನಿಗೆ ಅದೇ ಅಭ್ಯಾಸ. "ಬ್ಯಾನರ್ ಬರೆದಾಗಿದೆ. ಮೂವತ್ತು ಲೀಟರ್ ಮೀನಿನ ಸಾರಿಗೆ ಹೇಳಾಗಿದೆ. ಮೇಯರ್ ಬರ್ತಾರೆ. ಈಗ ಹೋಗಿ ನಿಜ ತಿಳ್ಕೊಂಡು ಬರೋ ಅಂಥ ಅವಸರ ಏನಿದೆ? ಸೋಮವಾರ ಹೋಗು. ನಿಜ ಎಲ್ಲೂ ಓಡಿಹೋಗಲ್ಲ."

"ಬಸ್ ಓಡಿಹೋಗತ್ತೆ," ಎಂದು ಜಿವಾನ್ ಹತ್ತಿ ಕೂತ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡ. ಐಸ್ ಕರಗಿ ಪ್ಯಾಂಟು ಒದ್ದೆಯಾಗಿದ್ದರಿಂದ ಪಕ್ಕದಲ್ಲಿ ಕೂತಿದ್ದ ಹೆಂಗಸು ಅರ್ಧ ದಾರಿಯಲ್ಲಿ ಜಾಗ ಬದಲಾಯಿಸಿದಳು. ಅವನು ಅಲುಗಾಡಲಿಲ್ಲ.

ಪ್ರೊಫೆಸರಮ್ಮ ಮೀನನ್ನು ಬೆಳಕಿಗೆ ಹಿಡಿದು ನೋಡಿ ಎರಡು ನಿಮಿಷದಲ್ಲಿ ಹೇಳಿದರು: "ಇದು ಸ್ಮುಜ್. ಕೆನ್ನೆ ನೋಡಿ, ನುಣ್ಣಗಿದೆ. ಕಾಮೆನ್ಯಾರ್ ಆಗಿದ್ರೆ ಕೆನ್ನೆ ಮೇಲೆಲ್ಲ ಹುರುಪೆ ಇರೋದು. ಹಲ್ಲೊಂದೇ ನೋಡಿ ಜಾತಿ ಹೇಳೋಕಾಗಲ್ಲ."

"ಹಲ್ಲು ಏನಾಯ್ತು ಮತ್ತೆ?"

"ವಯಸ್ಸಾಗಿದೆ. ಯಾವಾಗಲೋ ಮುರಿದು ಬಿದ್ದಿದೆ, ದವಡೆ ಪೂರ್ತಿ ಕೂಡ್ಕೊಂಡಿದೆ. ಇಷ್ಟು ದಿನ ಏನು ತಿಂದು ಬದುಕಿತ್ತೋ ಪಾಪ."

ಜಿವಾನ್‌ಗೆ ಆ ಮೀನು ಅಷ್ಟು ನಿಧಾನವಾಗಿ ದಡ ಹತ್ತಿದ್ದು ಏಕೆಂದು ಆಗ ಅರ್ಥವಾಯಿತು. ಎಲ್ಲವನ್ನೂ ಬರೆಸಿ, ಸಹಿ ಹಾಕಿಸಿ, ಮೊಹರು ಹೊಡೆಸಿಕೊಂಡು ಅವನು ಊರಿಗೆ ಬಂದ.

ಶನಿವಾರ ಸಂಘದ ಹಾಲ್ ತುಂಬಿತ್ತು. ಹೊರಗೆ ಕಡಾಯಿಯಲ್ಲಿ ಸಾರು ಕುದಿಯುತ್ತಿತ್ತು. ಒಳಗೆ ಬ್ಯಾನರ್ ಕೆಳಗೆ ಮೇಯರ್, ಪಾದ್ರಿ ಸಾವ, ಇನ್ಸ್‌ಪೆಕ್ಟರ್ ತೋದೊರೊವಿಚ್ ಸಾಲಾಗಿ ಕೂತಿದ್ದರು. ಮೇಜಿನ ಮೇಲೆ ತಟ್ಟೆಯಲ್ಲಿ ಮೀನು. ಉರೋಶ್ ಒಂಬತ್ತು ಪುಟದ ಭಾಷಣ ಬಿಚ್ಚಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಜಿವಾನ್ ಎದ್ದು ಮುಂದೆ ಬಂದು ಕಾಗದ ಓದಿಬಿಟ್ಟ. ಅಡ್ಡ ಬರಲು ಯಾರಿಗೂ ಸಮಯ ಸಿಗಲಿಲ್ಲ.

"ಇದು ಸ್ಮುಜ್," ಎಂದು ಮುಗಿಸಿದ. "ಅವತ್ತು ನಾನು ಸುಳ್ಳು ಹೇಳಿದೆ. ಮೇಷ್ಟ್ರು ಹೇಳಿದ್ದೇ ಸರಿ."

ಗೋಯ್ಕೊ ಮೇಷ್ಟ್ರು ದೊಡ್ಡ ಜಗಳಕ್ಕೆ ತಯಾರಾಗಿ ಬಂದಿದ್ದರು. ಎದುರಾಳಿ ಬಾಗಿಲು ತೆಗೆದು ಒಳಗೆ ಕರೆದುಬಿಟ್ಟರೆ ಬಾಗಿಲು ಒದೆಯಲು ಬಂದವನ ಗತಿಯೇನು? ಅವರು ಅರ್ಧ ಎದ್ದು, ಮತ್ತೆ ಅರ್ಧ ಕೂತರು.

ಆದರೆ ಇನ್ಸ್‌ಪೆಕ್ಟರ್‌ಗೆ ಇಷ್ಟು ಸಾಲಲಿಲ್ಲ. "ಮೀನಿನ ಕಥೆ ಮುಗೀತು. ಮನುಷ್ಯರ ಕಥೆ ಬಾಕಿ ಇದೆ. ನೀವು ಜನರ ಹಲ್ಲು ಕೀಳಲ್ಲ, ಹಲ್ಲು ಕಟ್ಟೋದಷ್ಟೇ ಅನ್ನೋದಕ್ಕೆ ಸಾಕ್ಷಿ ಬೇಕು. ನಿಮ್ಮ ಗಿರಾಕಿಗಳ ಹೆಸರು ಹೇಳಿ. ಒಂದು ಮೂರು ಹೆಸರು ಸಾಕು."

ಹಾಲ್‌ನಲ್ಲಿ ಒಮ್ಮೆಲೇ ಎಲ್ಲರಿಗೂ ತಂತಮ್ಮ ಬೂಟುಗಳ ಮೇಲೆ ಆಸಕ್ತಿ ಹುಟ್ಟಿತು.

ಸ್ತಾರಾ ಸ್ಕೆಲದ ಅರ್ಧ ನಗು ಜಿವಾನ್‌ನ ಕೈಯಲ್ಲಿ ತಯಾರಾದದ್ದು. ಯಾವ ಅರ್ಧ ಎಂಬುದನ್ನು ಅವನು ಹೆಂಡತಿಗೂ ಹೇಳಿದವನಲ್ಲ.

"ಹೇಳಲ್ಲ ಸಾಹೇಬ್ರೇ," ಎಂದ.

"ಹೇಳದಿದ್ರೆ ಪರವಾನಗಿ ಹೋಗತ್ತೆ."

"ಹೋಗ್ಲಿ."

"ಮೂವತ್ತು ವರ್ಷದ ಅಂಗಡಿ."

"ಮೂವತ್ತೊಂದು."

ಗಂಡ ಹೇಳದಿದ್ದರೂ ಗಿರಾಕಿಗಳಿಗೆ ಬಾಗಿಲು ತೆಗೆಯುವವಳಿಗೆ ಕಣ್ಣುಗಳಿರುತ್ತವೆ. ದೆಸಾಂಕ ಎದ್ದು ನಿಂತಳು. "ನಾನು ಹೇಳ್ತೀನಿ. ಊರಿಗೆಲ್ಲ ಹಲ್ಲಿನ ಪಾಠ ಮಾಡ್ತಾರಲ್ಲ ಈ ಮೇಷ್ಟ್ರು, ಇವರ ಸ್ವಂತ..."

"ದೆಸಾಂಕ, ಕೂತ್ಕೋ," ಎಂದ ಜಿವಾನ್. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವನು ಹಾಗೆ ಹೇಳಿದ್ದು ಅದೇ ಮೊದಲು. ಆಶ್ಚರ್ಯದಿಂದಲೇ ಅವಳು ಕೂತಳು. "ಬಾಯೊಳಗಿನದು ಬಾಯೊಳಗೇ ಇರ್ಲಿ. ಬರ್ಕೊಳ್ಳಿ ಸಾಹೇಬ್ರೇ, ಸಾಕ್ಷಿ ಇಲ್ಲ ಅಂತ."

ಇನ್ಸ್‌ಪೆಕ್ಟರ್ ಪೆನ್ನು ತೆಗೆದರು. ಆಗ ಗೋಯ್ಕೊ ಮೇಷ್ಟ್ರು ಪೂರ್ತಿ ಎದ್ದು ನಿಂತರು. ಅವರ ಮುಖ ಕೆಂಪಗಿತ್ತು. ಮೇಜಿನ ಹತ್ತಿರ ಬಂದರು. ಒಮ್ಮೆ ಮೀನನ್ನು ನೋಡಿದರು, ಒಮ್ಮೆ ಜಿವಾನ್‌ನನ್ನು ನೋಡಿದರು. ಆಮೇಲೆ ಬಾಯಿಗೆ ಕೈ ಹಾಕಿ, ಮೇಲಿನ ಸಾಲು, ಕೆಳಗಿನ ಸಾಲು, ಎರಡನ್ನೂ ತೆಗೆದು ಮೀನಿನ ಪಕ್ಕ ಇಟ್ಟರು.

"ಇಹು ಇವಹ ಕೆಹಹ," ಎಂದರು ಗಂಭೀರವಾಗಿ. "ಏಹು ವಹ್ಹ ಆಹ್ಹು. ಹೂಹು ಬಹೆಹಹ್ಹು ಹಾಹೇ."

"ಏನಂತೆ?" ಎಂದರು ಇನ್ಸ್‌ಪೆಕ್ಟರ್.

ಇಡೀ ಹಾಲ್‌ನಲ್ಲಿ ಆ ಭಾಷೆ ಬಲ್ಲವನು ಒಬ್ಬನೇ. "ಇದು ಇವನ ಕೆಲಸ ಅಂತಿದಾರೆ, ಅಂದ್ರೆ ನನ್ನದು. ಏಳು ವರ್ಷ ಆಯ್ತಂತೆ," ಎಂದು ಜಿವಾನ್ ನಿಲ್ಲಿಸಿದ. ಉಳಿದದ್ದನ್ನು ಹೇಳುವ ಮನಸ್ಸು ಅವನಿಗಿರಲಿಲ್ಲ.

"ಆರೋಪಿಯೇ ಸಾಕ್ಷಿಯ ಮಾತನ್ನ ತಿಳಿಸಿ ಹೇಳೋ ಹಾಗಿಲ್ಲ. ಅವರು ಹಲ್ಲು ಹಾಕ್ಕೊಂಡು ಹೇಳ್ಲಿ."

"ಹಾಕ್ಕೊಂಡ್ರೆ ಪುರಾವೆ ಬಾಯೊಳಗೆ ಹೋಗಿಬಿಡತ್ತಲ್ಲ ಸಾಹೇಬ್ರೇ," ಎಂದರು ಪಾದ್ರಿ ಸಾವ. ಇದು ನ್ಯಾಯವಾದ ಮಾತೆಂದು ಎಲ್ಲರಿಗೂ ಅನ್ನಿಸಿತು. ಕೊನೆಗೆ ಮೇಷ್ಟ್ರು ಹಲ್ಲು ಹಾಕಿಕೊಂಡು ಹೇಳುವುದು, ಹೇಳಿ ಮತ್ತೆ ತೆಗೆದು ಮೇಜಿನ ಮೇಲಿಡುವುದು ಎಂದು ತೀರ್ಮಾನವಾಯಿತು.

"ದೂರು ಬರೆದವನು ನಾನು," ಎಂದರು ಗೋಯ್ಕೊ, ಈಗ ಸ್ಪಷ್ಟವಾಗಿ. "ಸುಳ್ಳು ಬರೆದೆ. ಮೀನು ದಡಕ್ಕೆ ಬಂದ ಐದು ನಿಮಿಷಕ್ಕೆ ಅದರ ಬಾಯಿಗೆ ಕೈ ಹಾಕಿದವನು ನಾನೇ. ಹಲ್ಲು ಕಿತ್ತ ಗಾಯ ಇರಲಿಲ್ಲ. ಅದು ಅವತ್ತೇ ಗೊತ್ತಿತ್ತು. ಏಳೆಂಟು ಜನರ ಮುಂದೆ 'ಇಲ್ಲ' ಅನ್ನಬೇಕಾಗಿ ಬಂತಲ್ಲ, ಅದನ್ನ ತಡ್ಕೊಳ್ಳೋಕಾಗಲಿಲ್ಲ. ಇವನ ಕೈಯಲ್ಲಿ ನನ್ನ ಬಾಯಿ ಇತ್ತು. ಆದ್ರೂ ಇವನು ಬಾಯಿ ಬಿಡಲಿಲ್ಲ." ಹೀಗೆ ಹೇಳಿ ಎರಡೂ ಸಾಲನ್ನು ತೆಗೆದು ಮತ್ತೆ ಮೇಜಿನ ಮೇಲಿಟ್ಟರು.

"ಒಂದು," ಎಂದು ಇನ್ಸ್‌ಪೆಕ್ಟರ್ ಬರೆದುಕೊಂಡರು. "ಇನ್ನೆರಡು ಬೇಕು."

ಬೇಕರಿಯ ನೇದೆಲ್ಕ ಎದ್ದು ಬಂದಳು. ಸೆರಗಿನಂತೆ ಶಾಲನ್ನು ಬಾಯಿಗೆ ಅಡ್ಡ ಹಿಡಿದು ಒಂದು ಸಾಲು ಇಟ್ಟಳು. ಪಾದ್ರಿ ಸಾವ ಶಿಲುಬೆಯ ಗುರುತು ಹಾಕಿಕೊಂಡು ಎರಡು ಸಾಲು ಇಟ್ಟರು. ಅಲ್ಲಿಗೆ ಮೂರಾಯಿತು. ಆದರೆ ಜನ ನಿಲ್ಲಲಿಲ್ಲ. ಊರಿನಲ್ಲಿ ಎಷ್ಟೋ ವರ್ಷದಿಂದ ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡಿದ್ದ ಸಂಗತಿ ಕಟ್ಟೆ ಒಡೆದು ಬಂತು. ಅಂಚೆಯವನು ಬಂದ. ತಾನಿನ್ನೂ ನಲವತ್ತು ದಾಟಿಲ್ಲವೆನ್ನುತ್ತಿದ್ದ ಕ್ಷೌರದವನು ಬಂದ. ಗಂಡ ಹೆಂಡತಿ ಇಬ್ಬರೂ ಒಂದೇ ಸಲ ಎದ್ದು, ಒಬ್ಬರ ಮುಖ ಒಬ್ಬರು ನೋಡಿ ಬೆಚ್ಚಿಬಿದ್ದು, ಆಮೇಲೆ ಕೈ ಹಿಡಿದುಕೊಂಡು ಬಂದರು. ಮೇಜಿನ ಸುತ್ತ ನೂಕುನುಗ್ಗಲಾಯಿತು. ಯಾರದ್ದು ಯಾವ ಕೈಯಿಂದ ಬಂತೆಂದು ಯಾರಿಗೂ ಕಾಣಲಿಲ್ಲ.

"ನನ್ನ ಹತ್ರ ಇಡೋಕೆ ಏನೂ ಇಲ್ವಲ್ಲ," ಎಂದು ಯೂಲ್ಕಜ್ಜಿ ಕೊರಗಿದಳು. ಎಂಬತ್ತನಾಲ್ಕರಲ್ಲೂ ಅವಳ ಹಲ್ಲೆಲ್ಲ ಅವಳವೇ. ಆ ಸಭೆಯಲ್ಲಿ ಅವಳಿಗೆ ಅದೊಂದು ಅವಮಾನದಂತಾಯಿತು.

ಇನ್ಸ್‌ಪೆಕ್ಟರ್ ಎಣಿಸಿದರು. ಇಪ್ಪತ್ತಮೂರು ಸಾಲು ಹಲ್ಲು, ಮಧ್ಯೆ ಹಲ್ಲಿಲ್ಲದ ಒಂದು ಮೀನು. ನೌಕರಿಗೆ ಸೇರಿದ ಮೇಲೆ ಅವರು ಇಂಥ ಮೇಜನ್ನು ನೋಡಿರಲಿಲ್ಲ.

"ಸರಿ," ಎಂದರು. "ವಾಪಸ್ ತಗೊಳ್ಳಿ."

ಇಲ್ಲಿ ಹೊಸ ಸಂಕಟ ಹುಟ್ಟಿತು. ಯಾರದ್ದು ಯಾವುದು? ಅಂಚೆಯವನು ಒಂದನ್ನು ಎತ್ತಿ ಹಾಕಿಕೊಂಡ. ಅದು ಅವನ ಬಾಯಿಗೆ ದೊಡ್ಡದಾಗಿ, ಬೇಡದಿದ್ದರೂ ನಗತೊಡಗಿದ. ಅದು ಪಾದ್ರಿಗಳದ್ದಾಗಿತ್ತು. ಮಾತಾಡಿ ಬಗೆಹರಿಸೋಣವೆಂದರೆ ಯಾರ ಮಾತೂ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಲ್ ತುಂಬ ಗಾಳಿ ಬೀಸಿದಂಥ ಸದ್ದು.

ಜಿವಾನ್ ಅಂಗಿಯ ತೋಳು ಮಡಚಿದ. ಒಂದು ಪಾತ್ರೆ ಬಿಸಿನೀರು ತರಿಸಿದ. ಒಂದೊಂದನ್ನೇ ತೊಳೆದು, ಬೆಳಕಿಗೆ ಹಿಡಿದು, ಹೆಸರು ಕೂಗದೆ, ಯಾರನ್ನೂ ಕೇಳದೆ, ಗುಂಪಿನೊಳಗೆ ನಡೆದು ಅವರವರ ಕೈಯಲ್ಲಿಟ್ಟ. ಒಂದೂ ತಪ್ಪಲಿಲ್ಲ. ಹಲ್ಲು ಸಿಕ್ಕ ಬಾಯಿಗಳೆಲ್ಲ ಮುಚ್ಚಿದವು, ತೆರೆದವು, ಕಚ್ಚಿ ನೋಡಿದವು.

ಇನ್ಸ್‌ಪೆಕ್ಟರ್ ತೋದೊರೊವಿಚ್ ಅದನ್ನೆಲ್ಲ ಕೊನೆಯವರೆಗೂ ನೋಡಿ, ವರದಿಯ ಕೊನೆಯ ಕಾಲಂನಲ್ಲಿ ಬರೆದರು: "ಸದರಿ ವ್ಯಕ್ತಿ ಹಲ್ಲು ಕೊಡುತ್ತಾರೆ. ತೆಗೆದುಕೊಂಡಿದ್ದು ಕಂಡುಬಂದಿಲ್ಲ." ಸಹಿ ಹಾಕುವಾಗ ಅವರ ತುಟಿಯ ಒಂದು ತುದಿ ಸ್ವಲ್ಪ ಮೇಲೆ ಹೋಯಿತೆಂದು ಹತ್ತಿರ ಕೂತಿದ್ದ ಮೇಯರ್ ಈಗಲೂ ಹೇಳುತ್ತಾರೆ.

ಮೇಜಿನ ಮೇಲೆ ಒಂದು ಸಾಲು ಉಳಿದಿತ್ತು. ಮೇಲ್ಸಾಲು, ಒಳ್ಳೆಯ ಕೆಲಸ, ಮುಂದಿನ ಎರಡು ಹಲ್ಲು ತುಸು ಅಗಲ. ಗದ್ದಲದ ಧೈರ್ಯದಲ್ಲಿ ಯಾರೋ ಇಟ್ಟಿದ್ದರು, ಗದ್ದಲ ಮುಗಿದ ಮೇಲೆ ಅದಕ್ಕೆ ಕೈಯೊಡ್ಡುವ ಧೈರ್ಯ ಉಳಿದಿರಲಿಲ್ಲ. ಇಡೀ ಹಾಲ್ ಅದನ್ನೇ ನೋಡುತ್ತಿತ್ತು. ಜಿವಾನ್ ಯಾರ ಮುಖದ ಕಡೆಯೂ ಕಣ್ಣೆತ್ತದೆ ಅದನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ.

"ಇದು ನನ್ನ ಅಂಗಡಿಯ ಮಾದರಿ," ಎಂದ. "ತೋರಿಸೋಣ ಅಂತ ತಂದಿದ್ದೆ."

ಮೇಯರ್ ಕೈಗಡಿಯಾರ ನೋಡಿಕೊಂಡು, ಅಧ್ಯಕ್ಷರು ಎರಡು ಮಾತಾಡಿದರೆ ಊಟಕ್ಕೆ ಏಳಬಹುದು ಎಂದರು. ಉರೋಶ್ ಎದ್ದು ನಿಂತ. ಒಂಬತ್ತು ಪುಟದ ಕಾಗದವನ್ನು ನೋಡಿದ, ಜಿವಾನ್‌ನ ಜೇಬನ್ನು ನೋಡಿದ. ತುಟಿ ಬಿಗಿಯಾಗಿ ಮುಚ್ಚಿಕೊಂಡೇ ಸಭೆಗೆ ಕೈ ಮುಗಿದ. ಆಮೇಲೆ ಸಾರಿನ ಕಡಾಯಿಯ ಕಡೆಗೆ ಕೈ ತೋರಿಸಿ ಕೂತುಬಿಟ್ಟ.

ಚಪ್ಪಾಳೆ ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಸಂಘ ಹುಟ್ಟಿದಂದಿನಿಂದ ಇಂಥ ಭಾಷಣ ಕೇಳಿರಲಿಲ್ಲವೆಂದು ಹಿರಿಯರು ಕಣ್ಣೊರೆಸಿಕೊಂಡರು.